ಗಾಳಿ ಕಾಯುವವರ ಪಟ್ಟಿ

ನಮ್ಮೂರಿನ ಗಾಳಿ, ಯಾರಾದರೂ ತನ್ನನ್ನು ಕಾಯುತ್ತಿದ್ದರೆ ಬರುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಮದುವೆಯಾಗಿ ಬಂದ ಸೊಸೆಗೆ ಉಪ್ಪಿನ ಡಬ್ಬ ಎಲ್ಲಿದೆ ಎಂದು ತೋರಿಸುವ ಮೊದಲೇ ನಮ್ಮಲ್ಲಿ ಇದನ್ನು ಹೇಳಿಕೊಡುತ್ತಾರೆ. ಗುಡ್ಡದ ಮೇಲಿನ, ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ನಿಂತವೆಂದರೆ ಊರಿಗೆ ಊರೇ ಕಿಟಕಿಗೆ ಬೆನ್ನು ಹಾಕಿ ಕೂರುತ್ತದೆ. ಹೆಂಗಸರು ಅಕ್ಕಿ ಆರಿಸುತ್ತಾರೆ, ಆರಿಸಿದ್ದನ್ನೇ ಮತ್ತೆ ಆರಿಸುತ್ತಾರೆ. ಗಂಡಸರು ಚೌಕಾಬಾರ ಹಾಕುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಹತ್ತೊಂಬತ್ತರ ಮಗ್ಗಿ ಹೇಳಿಸುತ್ತಾರೆ, ಅದನ್ನು ಹೇಳುವಾಗ ಮಕ್ಕಳಿಗೆ ಬೇರೆ ಯೋಚನೆ ಬರುವುದಿಲ್ಲವಂತೆ. ಕರೆಂಟು ಯಾವಾಗ ಬರುತ್ತದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಮರೆತ ಹೊತ್ತಿಗೆ ಗಾಳಿ ಬಂದಿರುತ್ತದೆ.

ನನ್ನ ಹೆಸರು ಇಂದುಮತಿ. ಊರಿನ ವಿದ್ಯುತ್ ಕಚೇರಿಯ ಖರೀದಿ ವಿಭಾಗದಲ್ಲಿದ್ದೇನೆ. ತಾಳ್ಮೆ ಎನ್ನುವುದು ನನ್ನ ಹತ್ತಿರ ಸುಳಿದದ್ದಿಲ್ಲ. ಹಾಲು ಉಕ್ಕುವತನಕ ಒಲೆಯ ಮುಂದೆ ನಿಲ್ಲಲಾರೆ. ಇಂಥವಳಿಗೆ ಗಾಳಿ ಕೊಂಡುಕೊಳ್ಳುವ ಕೆಲಸ ಕೊಟ್ಟ ನಮ್ಮ ಎಂಜಿನಿಯರ್ ವೃಷಭೇಂದ್ರಯ್ಯನವರಿಗೆ ಏನು ಹೇಳಬೇಕೋ ಗೊತ್ತಿಲ್ಲ. ಹೊರಗಿನ ವಿದ್ಯುತ್ ತಂತಿ ನಮ್ಮೂರಿಗೆ ಬಂದಿಲ್ಲ. ವರ್ಷದ ಮುಕ್ಕಾಲು ಪಾಲು ಮೋಡ ಮುಚ್ಚಿಕೊಂಡಿರುವುದರಿಂದ ಬಿಸಿಲಿನಿಂದ ಕರೆಂಟು ಮಾಡುವ ಕಂಪನಿಯವರು ಬಂದು, ನೋಡಿ, ಕಾಫಿ ಕುಡಿದು ಹೋದರು. ಇರುವುದು ಗುಡ್ಡದ ಮೇಲಿನ ಇಪ್ಪತ್ತೆರಡು ಫ್ಯಾನುಗಳು. ಅವುಗಳ ಕಂಪನಿಯ ಜೊತೆ ನಮಗೆ ಇಪ್ಪತ್ತು ವರ್ಷದ ಒಪ್ಪಂದವಿದೆ. ಅದರ ಪ್ರಕಾರ ನಾಳೆ ಎಷ್ಟು ಗಾಳಿ ಬಂದೀತು ಎಂದು ಇವತ್ತು ಹತ್ತು ಗಂಟೆಯೊಳಗೆ ಕಾಲು ಕಾಲು ಗಂಟೆಯ ಲೆಕ್ಕದಲ್ಲಿ, ತೊಂಬತ್ತಾರು ಚೌಕಗಳಲ್ಲಿ ಬರೆದು ಕಳಿಸಬೇಕು. ನಾವು ಬರೆದರೆ ಅದು ಕಾದಂತೆಯೇ. ಅದಕ್ಕೇ ಆ ಕೆಲಸಕ್ಕೆ ಮುರಿಗೆಪ್ಪನನ್ನು ಇಟ್ಟಿದ್ದೇವೆ. ಮುರಿಗೆಪ್ಪ ಹುಟ್ಟಿದ ಮೇಲೆ ಯಾವುದಕ್ಕೂ ಕಾದವನಲ್ಲ. ಬಸ್ಸು ಹೋದರೆ ಹೋಯಿತು, ಸಂಬಳ ಬಂದರೆ ಬಂತು. ವೀಳ್ಯದೆಲೆ ಜಗಿಯುತ್ತಾ ಕೈಗೆ ಬಂದ ಅಂಕಿ ತುಂಬುತ್ತಾನೆ, ಗಾಳಿ ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಆದರೆ ಕಾಯದೆ ಇರಲಾರದವರು ಎಲ್ಲ ಊರಿನಲ್ಲೂ ಇರುತ್ತಾರೆ. ಕೋಳಿಮೊಟ್ಟೆ ಮರಿ ಮಾಡಿಸುವವನು, ಐಸು ಕಾರ್ಖಾನೆಯವನು, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವರು. ಅಂಥವರ ಒಂದು ಪಟ್ಟಿ ಕಚೇರಿಯಲ್ಲಿದೆ. ಗಾಳಿ ನಿಂತ ಅರ್ಧ ಗಂಟೆಗೆ ವೃಷಭೇಂದ್ರಯ್ಯನವರು ಆ ಪಟ್ಟಿ ಹಿಡಿದು ಹಳ್ಳದ ಸೇತುವೆಯ ಹತ್ತಿರ ನಿಲ್ಲುತ್ತಾರೆ, ಹೆಸರು ಕೂಗುತ್ತಾರೆ, ನಾವು ಒಬ್ಬೊಬ್ಬರಾಗಿ ದಾಟಿ ಆಚೆಯ ಛತ್ರದಲ್ಲಿ ಕೂರುತ್ತೇವೆ. ಹಳ್ಳದಾಚೆ ಎಷ್ಟು ಬೇಕಾದರೂ ಕಾಯಬಹುದು, ಅದು ಗಾಳಿಗೆ ತಟ್ಟುವುದಿಲ್ಲ. ಗಾಳಿ ಬಂದ ಮೇಲೆ ವಾಪಸು ಬರಬೇಕು. ಬೇಸರ ಪಟ್ಟುಕೊಳ್ಳುವಂಥದ್ದೇನಿಲ್ಲ, ಚಹಾ ಕೊಡುತ್ತಾರೆ. ಹನ್ನೊಂದು ವರ್ಷದಿಂದ ಪಟ್ಟಿಯಲ್ಲಿ ನನ್ನದು ಎರಡನೇ ಹೆಸರು.

ಯಾಕೆಂದರೆ ನನ್ನ ಅಕ್ಕ ಕಸ್ತೂರಿ ಉಸಿರಾಡುವುದು ಕರೆಂಟಿನಿಂದ. ಸುಣ್ಣದ ಕಾರ್ಖಾನೆಯ ಧೂಳು ಕುಡಿದು ಕುಡಿದು ಅವಳ ಶ್ವಾಸಕೋಶ ಹೋಗಿದೆ. ಮಂಚದ ಪಕ್ಕ ಆಕ್ಸಿಜನ್ ಮಷೀನು, ಅದರಿಂದ ಮೂಗಿಗೆ ಕೊಳವೆ. ಕರೆಂಟು ಹೋದರೆ ಮೂಲೆಯಲ್ಲಿ ಒಂದು ಸಿಲಿಂಡರು ಇದೆ, ಹದವಾಗಿ ಬಿಟ್ಟರೆ ಆರು ಗಂಟೆ ಬರುತ್ತದೆ. ಅದನ್ನು ತುಂಬಿಸಿ ತರಲು ಲಾರಿಯಲ್ಲಿ ಎರಡು ದಿನದ ದಾರಿ. ಅಮ್ಮ ಸತ್ತಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನೆಂಟು. ನನ್ನನ್ನು ಓದಿಸಲಿಕ್ಕೆಂದೇ ಅವಳು ಆ ಕಾರ್ಖಾನೆಗೆ ಸೇರಿದ್ದು. ಅವಳಿಗೆ ಮೂಗಿನ ತುದಿಯಲ್ಲಿ ಕೋಪ, ಈಗ ಆ ಮೂಗಿನಲ್ಲಿ ಕೊಳವೆ ಇದ್ದರೂ ಕೋಪ ಮಾತ್ರ ಅಲ್ಲೇ ಇದೆ. ಗಾಳಿ ನಿಂತಾಗಲೆಲ್ಲ ಅವಳನ್ನು ಪಕ್ಕದ ಮನೆಯ ಜೈನಾಬಿಯ ಕೈಗೆ ಒಪ್ಪಿಸಿ ನಾನು ಹಳ್ಳ ದಾಟುತ್ತಿದ್ದೆ. ಅವಳಿಗೆ ನಾನು ಬೇಕಾದ ಹೊತ್ತಿಗೆ ಸರಿಯಾಗಿ ನಾನು ಅಲ್ಲಿರುತ್ತಿರಲಿಲ್ಲ. ಊರಿನ ಒಳ್ಳೆಯದಕ್ಕೆ, ಅವಳ ಒಳ್ಳೆಯದಕ್ಕೂ ಕೂಡ, ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೀಗಿರುವಾಗ ಕಳೆದ ವರ್ಷ ಬ್ಯಾಟರಿಯ ಮಾತು ಬಂತು. ಗಾಳಿ ಇರುವಾಗ ತುಂಬಿಸಿಕೊಂಡು ಇಲ್ಲದಾಗ ಊರಿಗೆ ಕೊಡುವ ದೊಡ್ಡ ಬ್ಯಾಟರಿ. ನಾವು ಕೊಂಡುಕೊಳ್ಳುವುದಲ್ಲ, ಹೊರಗಿನ ಕಂಪನಿ ತನ್ನ ಖರ್ಚಿನಲ್ಲಿ ತಂದು ಇಡುತ್ತದೆ, ಹದಿನೈದು ವರ್ಷ ನಾವು ತಿಂಗಳು ತಿಂಗಳು ಬಾಡಿಗೆ ಕೊಡುವುದು. ಟೆಂಡರಿಗೆ ಎರಡೇ ಕಂಪನಿ ಬಂದವು. ಒಂದು ನಾಲ್ಕು ಗಂಟೆ ಕೊಡುವ ಬ್ಯಾಟರಿ, ಅಗ್ಗ. ಇನ್ನೊಂದು ಎಂಟು ಗಂಟೆಯದು. ಗಾಳಿ ಮೂರು ಗಂಟೆಯ ಮೇಲೆ ಮುನಿಸಿಕೊಂಡದ್ದು ಅಪರೂಪ, ನಾಲ್ಕು ಸಾಕು ಎಂದು ಸಮಿತಿಯವರೆಲ್ಲ ತಲೆ ಆಡಿಸಿದರು. ನಾನು ಹನ್ನೊಂದು ವರ್ಷದ ರಿಜಿಸ್ಟರು ತಂದು ಮೇಜಿನ ಮೇಲೆ ಹಾಕಿದೆ. ಏಳು ಗಂಟೆ ಬಾರದೆ ಇದ್ದ ಒಂದು ದಿನವನ್ನು ಬೆರಳಿಟ್ಟು ತೋರಿಸಿದೆ. ಆ ದಿನ ಊರಿಗೆ ನೆನಪಿರಲಿಲ್ಲ, ಕೊನೆಯ ಒಂದು ಗಂಟೆ ಸಿಲಿಂಡರೂ ಮುಗಿದು ಅಕ್ಕ ಏದುಸಿರು ಬಿಟ್ಟದ್ದರಿಂದ ನನಗೆ ನೆನಪಿತ್ತು. ನಾನು ಯಾರ ಪರವಾಗಿ ಜಗಳ ಆಡುತ್ತಿದ್ದೇನೆಂದು ಎಲ್ಲರಿಗೂ ತಿಳಿದಿತ್ತು. ಎಂಟು ಗಂಟೆಯದೇ ಆಯಿತು.

ಕಂಪನಿಯ ಕಡೆಯಿಂದ ಬಂದವರು ಅನ್ವರ್ ಸಾಹೇಬರು. ಒಳ್ಳೆಯ ಮನುಷ್ಯ, ಬೆವರುವ ಸ್ವಭಾವ. ಕರಾರಿನ ಒಂದೊಂದು ಷರತ್ತಿಗೂ ನಾನು ಅವರ ಜೀವ ತಿಂದೆ. ನೂರು ಸಲ ಕೇಳಿದರೆ ತೊಂಬತ್ತೈದು ಸಲ ಬ್ಯಾಟರಿ ಸಿದ್ಧವಾಗಿರಬೇಕು, ಇಲ್ಲದಿದ್ದರೆ ದಂಡ, ಒಪ್ಪಿದರು. ವರ್ಷ ಕಳೆದಂತೆ ಬ್ಯಾಟರಿಯ ಶಕ್ತಿ ಕುಂದಿದರೆ ಹೊಸದು ಸೇರಿಸಬೇಕು, ಒಪ್ಪಿದರು. ನನಗೆ ಸಮಾಧಾನವಾಗಲಿಲ್ಲ. ಬ್ಯಾಟರಿ ಇದ್ದರೆ ಸಾಲದು, ಅದು ತುಂಬಿರಬೇಕಲ್ಲ. ಅದಕ್ಕೆ ಹದಿನಾಲ್ಕನೇ ಷರತ್ತನ್ನು ನಾನೇ ಕೂತು ಬರೆದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಕಂಪನಿಯ ಇಬ್ಬರು ನೌಕರರು ಹಗಲೂ ಇರುಳೂ ಬ್ಯಾಟರಿಯ ಅಂಗಳದಲ್ಲಿ ಗಾಳಿಮಾಪಕದ ಮೇಲೆ ಕಣ್ಣಿಟ್ಟು ಇರತಕ್ಕದ್ದು, ಮೊದಲ ಗಾಳಿಗೇ ತುಂಬಿಸಲು ತೊಡಗತಕ್ಕದ್ದು, ತಪ್ಪಿದರೆ ದಂಡ. ಮಷೀನು ತಾನೇ ತುಂಬಿಕೊಳ್ಳುತ್ತೆ ಮೇಡಂ, ಮನುಷ್ಯರು ಬೇಕಿಲ್ಲ ಎಂದರು ಅನ್ವರ್ ಸಾಹೇಬರು. ನಾನು ಕೇಳಬೇಕಲ್ಲ. ಸಮಿತಿಯ ಒಂಬತ್ತು ಜನ ಅದನ್ನು ಓದಿದರು, ಎಲ್ಲರೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಕರಾರಿನ ಭಾಷೆಯಲ್ಲಿ ಬರೆದದ್ದು ಯಾರಿಗೂ ಬದುಕಿನ ಮಾತಾಗಿ ಕಾಣಲಿಲ್ಲ. ಬಹಳ ಬಿಗಿಯಾಗಿದೆ ಎಂದು ಹೊಗಳಿ ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಬ್ಯಾಟರಿ ನಮ್ಮ ಸುಪರ್ದಿಗೆ ಬಂತು. ಲಾರಿ ಗಾತ್ರದ ಹನ್ನೆರಡು ಬಿಳಿ ಡಬ್ಬಗಳು, ಪೂರ್ತಿ ತುಂಬಿದ್ದವು. ಕಂಪನಿಯ ನೌಕರ ಕುಟ್ಟಪ್ಪ ಎನ್ನುವವನೂ ಅವನ ಜೊತೆಗಾರನೂ ಕುರ್ಚಿ ಹಾಕಿಕೊಂಡು ಕೂತರು. ಗುರುವಾರ ಬೆಳಗಿನ ಜಾವ ಮೂರಕ್ಕೆ ಗಾಳಿ ನಿಂತಿತು, ಊರಿಗೆ ಗೊತ್ತೇ ಆಗಲಿಲ್ಲ. ಎದ್ದಾಗ ಅಕ್ಕನ ಮಷೀನು ಓಡುತ್ತಲೇ ಇತ್ತು, ಕಿಟಕಿಯಾಚೆ ಫ್ಯಾನುಗಳು ನಿಂತಿದ್ದವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪಟ್ಟಿ ಕೂಗಲಿಲ್ಲ. ನನ್ನಿಂದ ಆದ ಕೆಲಸ ಎಂದು ಅಕ್ಕನ ಮುಂದೆ ಕೊಚ್ಚಿಕೊಂಡೆ. ಉಪ್ಪಿಟ್ಟಿಗೆ ಉಪ್ಪು ಹಾಕೋದು ಮರೆತಿದೀಯ, ಅದನ್ನ ಮೊದಲು ನೋಡು ಎಂದಳು.

ಹನ್ನೊಂದು ಗಂಟೆಗೆ ಬ್ಯಾಟರಿ ಮುಗಿಯಿತು. ಮಷೀನು ಕೀಂಯ್ ಎಂದು ಕೂಗಿ ನಿಂತಿತು. ಎಂಟು ಗಂಟೆ ಗಾಳಿ ಬಾರದೆ ಇದ್ದದ್ದು ರಿಜಿಸ್ಟರಿನಲ್ಲೇ ಇಲ್ಲ. ಸಿಲಿಂಡರಿನ ಕೊಳವೆ ಹಚ್ಚಿದೆ. ಹನ್ನೊಂದು, ಆರು ಗಂಟೆ ಸೇರಿಸಿದರೆ ಸಂಜೆ ಐದು. ಅಷ್ಟರಲ್ಲಿ ಬೀದಿಯಲ್ಲಿ ಹೆಸರು ಕೂಗುವುದು ಕೇಳಿಸಿತು. ಜೈನಾಬಿ ಬಂದು ಮಂಚದ ಪಕ್ಕ ಕೂತಳು. ಮುಖ ಹೀಗೆ ಮಾಡಿಕೊಂಡು ನಿಂತರೆ ಗಾಳಿ ಅಲ್ಲ, ನೊಣವೂ ಈ ಮನೆಗೆ ಬರುವುದಿಲ್ಲ, ಹೋಗು ಎಂದಳು ಅಕ್ಕ. ಹೋದೆ.

ಛತ್ರದ ಕಟ್ಟೆಯ ಮೇಲೆ ಅವತ್ತು ನಾವು ಹದಿನೈದು ಜನ. ಯಾವಾಗಲೂ ಹದಿನಾಲ್ಕು, ಹದಿನೈದನೆಯವರು ಅನ್ವರ್ ಸಾಹೇಬರು. ಹೋಟೆಲಿನಲ್ಲಿ ಮೂರು ಜನರನ್ನು ಗಾಳಿ ಯಾವಾಗ ಬರುತ್ತೆ ಎಂದು ಕೇಳಿ ಸಿಕ್ಕಿಬಿದ್ದಿದ್ದರು. ಚಹಾ ಬಂತು, ಯಾರೂ ಕುಡಿಯಲಿಲ್ಲ. ಹನ್ನೆರಡಾಯಿತು. ಮೊಟ್ಟೆಯವನು ಎದ್ದು ಕೂರುವುದು, ಕೂತು ಏಳುವುದು ಮಾಡುತ್ತಿದ್ದ. ಒಂದಾಯಿತು. ಕಾಯುವವರೆಲ್ಲ ಇಲ್ಲಿದ್ದೇವೆ, ಅಲ್ಲಿ ಇನ್ಯಾರು ಎಂದು ತಲೆಯೆತ್ತಿ ನೋಡಿದೆ. ಗುಡ್ಡದ ಬುಡದಲ್ಲಿ ಬಿಳಿ ಡಬ್ಬಗಳು. ಅವುಗಳ ಮುಂದೆ ಎರಡು ಕುರ್ಚಿ. ಕುರ್ಚಿಗಳಲ್ಲಿ ಇಬ್ಬರು, ಕತ್ತು ಮೇಲೆತ್ತಿ ಫ್ಯಾನುಗಳನ್ನೇ ನೋಡುತ್ತಾ ಕೂತಿದ್ದರು.

ಅಯ್ಯೋ ನನ್ನ ಕರ್ಮವೇ ಎಂದು ಹಣೆ ಚಚ್ಚಿಕೊಂಡೆ. ಸಂಬಳ ಕೊಟ್ಟು, ಸಹಿ ಹಾಕಿಸಿ, ತಪ್ಪಿದರೆ ದಂಡ ಎಂದು ಹೆದರಿಸಿ, ಗಾಳಿ ಕಾಯಲಿಕ್ಕೆ ಇಬ್ಬರನ್ನು ಊರೊಳಗೆ ಕೂರಿಸಿದವಳು ನಾನು. ಎಳೆಮಕ್ಕಳಿಗೆ ಗೊತ್ತಿರುವುದು ನನಗೆ ಹೊಳೆಯಲಿಲ್ಲ. ಸೇತುವೆಯ ತುದಿಗೆ ಓಡಿ, ಆಚೆ ನಿಂತಿದ್ದ ವೃಷಭೇಂದ್ರಯ್ಯನವರಿಗೆ ಕೂಗಿ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. ಆದರೆ ಕರಾರು ಕರಾರೇ ಎಂದರು. ಷರತ್ತು ಮುರಿದವರು ನಾವಾದರೆ ಕಂಪನಿ ಬ್ಯಾಟರಿ ಎತ್ತಿಕೊಂಡು ಹೋಗಬಹುದು, ಇಬ್ಬರ ಸಹಿಯೂ ಇರುವ ತಿದ್ದುಪಡಿ ಬೇಕು. ಊರಿನ ಪರವಾಗಿ ಸಹಿ ಹಾಕುವವರು ಅವರೇ, ಕಂಪನಿಯ ಪರವಾಗಿ ಅನ್ವರ್ ಸಾಹೇಬರು. ಸಾಹೇಬರು ಬೆವರು ಒರೆಸಿಕೊಂಡು, ಹುಡುಗರನ್ನು ಎಬ್ಬಿಸಿದ ಮೇಲೆ ಬ್ಯಾಟರಿ ತುಂಬದಿದ್ದರೆ ದಂಡ ಯಾರ ತಲೆಗೆ ಎಂದರು. ಯಾರ ತಲೆಗೂ ಇಲ್ಲ ಎಂದು ಅದನ್ನೂ ಸೇರಿಸಿ ಬರೆದೆ. ಕಾಗದ ಇರಲಿಲ್ಲ, ಕಾಯುವವರ ಪಟ್ಟಿಯ ಹಿಂಭಾಗದಲ್ಲೇ ಬರೆದೆ. ಸೇತುವೆಯ ನಡುವೆ ಇಬ್ಬರೂ ಸಹಿ ಹಾಕಿದರು.

ಅದನ್ನು ಬ್ಯಾಟರಿಯ ಅಂಗಳಕ್ಕೆ ಮುಟ್ಟಿಸುವವರು ಯಾರು? ಬೇರೆ ಯಾರೇ ಆದರೂ ಆತುರದಲ್ಲಿ ಓಡುತ್ತಾರೆ, ಓಡಿದರೆ ಅದೂ ಕಾದಂತೆಯೇ. ಮುರಿಗೆಪ್ಪನನ್ನು ಕರೆಸಿದರು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟ. ದಾರಿಯಲ್ಲಿ ಒಂದು ಎಮ್ಮೆಯ ಬೆನ್ನು ತಟ್ಟಿದ, ಚಪ್ಪಲಿಯ ಕಲ್ಲು ಕೊಡವಿದ, ನಿಂತು ಎಲೆಗೆ ಸುಣ್ಣ ಸವರಿದ. ನಮ್ಮ ಹದಿನೈದು ಜನರ ಜೀವ ಬಾಯಿಗೆ ಬಂದಿತ್ತು. ಎರಡೂವರೆಗೆ ಕುಟ್ಟಪ್ಪ ಕಾಗದ ಓದಿದ್ದು, ಇಬ್ಬರೂ ಕುರ್ಚಿ ಮಡಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಕಾಣಿಸಿತು. ಇನ್ನೇನು ಬಂತು ಎಂದುಕೊಂಡೆವು.

ಬರಲಿಲ್ಲ. ಮೂರಾಯಿತು, ಮೂರೂವರೆ ಆಯಿತು. ಒಂದು ಫ್ಯಾನಿನ ರೆಕ್ಕೆಯೂ ಅಲುಗಲಿಲ್ಲ. ಅನ್ವರ್ ಸಾಹೇಬರು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಲೆಕ್ಕ ಹಾಕಿದ್ದನ್ನೇ ಮತ್ತೆ ಮತ್ತೆ ಹಾಕುತ್ತಿದ್ದೆ. ಸಿಲಿಂಡರಿನ ಮುಳ್ಳು ಈಗ ಕಾಲು ಭಾಗದಲ್ಲಿರುತ್ತದೆ, ಜೈನಾಬಿಗೆ ಸ್ವಲ್ಪ ತಗ್ಗಿಸುವುದು ಗೊತ್ತಿದೆಯೋ ಇಲ್ಲವೋ, ಹೇಳಿ ಬಂದೆನೋ ಇಲ್ಲವೋ. ಆಗಲೇ ಮುರಿಗೆಪ್ಪ ಸೇತುವೆಯ ಮೇಲೆ ಬಂದ. ಬರುವ ದಾರಿಯಲ್ಲಿ ನಮ್ಮ ಮನೆಗೆ ಹೊಕ್ಕು ಜೈನಾಬಿಯ ಕೈಯಲ್ಲಿ ಚಹಾ ಮಾಡಿಸಿ ಕುಡಿದು ಬಂದಿದ್ದನಂತೆ. ಅಕ್ಕ ಹೇಗಿದ್ದಾಳೆ ಎಂದೆ.

“ಇದಾರೆ ಕಣಮ್ಮ. ಮಂಚಾನೇ ಕಿಟಕಿ ಕಡೆಗೆ ತಿರುಗಿಸ್ಕೊಂಡು ಫ್ಯಾನು ನೋಡ್ತಾ ಕೂತವ್ರೆ. ಬಂತಾ, ಬಂತಾ ಅಂತ ಐದು ನಿಮಿಷಕ್ಕೊಂದು ಸಲ ಜೈನಾಬಮ್ಮನ್ನ ಕೇಳೋದು. ಗಾಳಿ ಬಂದ್ರೆ ತಾನೆ ನಿಮ್ಮನ್ನ ವಾಪಸ್ ಹಳ್ಳ ದಾಟಿಸೋದು.”

ಹನ್ನೊಂದು ವರ್ಷ ನಾವು ಊರು ಬಿಟ್ಟು ಹೋದರೆ ಸಾಕು ಎಂದುಕೊಂಡಿದ್ದೆವು. ಬಿಟ್ಟು ಹೋದವರ ದಾರಿ ಮನೆಯಲ್ಲಿ ಉಳಿದವರು ನೋಡುತ್ತಾರೆ, ನಾವು ಬರುವುದು ಗಾಳಿಯ ಜೊತೆಗೇ ಆದ್ದರಿಂದ ಗಾಳಿಯನ್ನೇ ಕಾಯುತ್ತಾರೆ, ಇದು ಯಾರ ತಲೆಗೂ ಬರಲಿಲ್ಲ. ಮಾಮೂಲಿ ದಿನ ಅಕ್ಕ ಎರಡು ಗಂಟೆ ಕಾದು ದಣಿದು ನಿದ್ದೆ ಹೋಗುತ್ತಿದ್ದಿರಬೇಕು, ಆಗ ಗಾಳಿ ಬರುತ್ತಿದ್ದಿರಬೇಕು. ಇವತ್ತು ಅವಳಿಗೆ ಹೆದರಿಕೆಯಾಗಿದೆ, ನಿದ್ದೆ ಬರುತ್ತಿಲ್ಲ.

ನಾನು ಸೇತುವೆ ಹತ್ತಿದೆ. ವೃಷಭೇಂದ್ರಯ್ಯನವರು ಎರಡೂ ಕೈ ಅಡ್ಡ ಹಿಡಿದು ನಿಂತರು. ಕೆಟ್ಟ ಮನುಷ್ಯರಲ್ಲ ಅವರು, ಅವರ ಕಣ್ಣಲ್ಲೂ ನೀರಿತ್ತು. ನೀನು ಹೋದರೆ ಊರಿಗೇ ಕತ್ತಲೆ ಕಣಮ್ಮ, ನಿನ್ನಂಥ ಕಾಯುವವಳು ಒಳಗೆ ಬಂದರೆ ಗಾಳಿ ಇನ್ನು ಮೂರು ದಿನ ಬರುವುದಿಲ್ಲ ಎಂದರು.

“ಸರ್, ದಾರಿ ಬಿಡಿ. ನನ್ನಕ್ಕ ಒಬ್ಬಳೇ ಇದಾಳೆ.”

ಅವರು ಬಿಡಲಿಲ್ಲ. ತಳ್ಳಿದೆ. ಇಪ್ಪತ್ತು ವರ್ಷ ಸರ್ ಸರ್ ಎಂದ ಮನುಷ್ಯನನ್ನು ತಳ್ಳಿ ಓಡಿದೆ. ಹಿಂದೆ ಸೇತುವೆಯ ಹಲಗೆಗಳು ದಡದಡ ಎಂದವು. ತಿರುಗಿ ನೋಡಿದರೆ ಮೊಟ್ಟೆಯವನು, ಐಸಿನವನು, ಎಲ್ಲರೂ ಬರುತ್ತಿದ್ದರು, ತಮ್ಮ ತಮ್ಮ ಮನೆಗೆ. ಅವರ ಮನೆಗಳಲ್ಲಿ ಏನಾಯಿತೋ ನನಗೆ ತಿಳಿಯದು, ನಾನು ಹೇಳುವುದು ನಮ್ಮ ಮನೆಯದು ಮಾತ್ರ.

ಮನೆ ತಲುಪಿದಾಗ ನಾಲ್ಕೂ ಇಪ್ಪತ್ತು. ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಮೇಲಿತ್ತು. ಅಕ್ಕನ ತುಟಿ ನೀಲಿಗಟ್ಟಿತ್ತು. ಜೈನಾಬಿ ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಗೆ ಹೋದಳು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ಸಂತೋಷಪಟ್ಟಳೋ ಎಂದರೆ, ಇಲ್ಲ.

“ಗಾಳಿ ಬರದೆ ಯಾಕ್ ಬಂದೆ?”

ನೀನು ಕಾಯುತ್ತಿದ್ದೀಯಂತೆ, ಅದಕ್ಕೇ ಬಂದೆ ಎಂದೆ. ತಾನು ಯಾರನ್ನೂ ಕಾಯುತ್ತಿಲ್ಲ ಎಂದಳು. ಮಂಚ ಯಾಕೆ ತಿರುಗಿಸಿದೆ ಎಂದೆ. ಬಿಸಿಲು ಬೀಳುತ್ತಿತ್ತು ಎಂದಳು. ಈ ಊರಿನಲ್ಲಿ ಬಿಸಿಲು ಎಲ್ಲಿಂದ ಬಂತು ಎಂದೆ. ಅಷ್ಟಕ್ಕೇ ಹೊತ್ತಿಕೊಂಡಿತು. ಅವಳು ಉಸಿರು ಎಳೆದೆಳೆದು, ನಡುವೆ ನಿಲ್ಲಿಸಿ, ಒಂದೊಂದು ಮಾತನ್ನೂ ತೂಕ ಹಾಕಿ ಎಸೆದಳು. ಎಂಟು ಗಂಟೆಯ ಬ್ಯಾಟರಿ ತನಗೆ ಬೇಕೆಂದು ಕೇಳಿದ್ದಳೇ. ಊರಿನ ಕರಾರನ್ನೆಲ್ಲ ತನ್ನ ಮೂಗಿಗೆ ಕಟ್ಟು ಎಂದಳೇ. ಹೆಣ್ಣು ನೋಡಲು ಬಂದವರನ್ನು ಅಕ್ಕನಿಗೆ ಹುಷಾರಿಲ್ಲ ಎಂದು ವಾಪಸು ಕಳಿಸಿದವಳು ನಾನು, ದೊಡ್ಡ ಕಚೇರಿಗೆ ವರ್ಗ ಬಂದಾಗ ಅಕ್ಕನಿಗೆ ಹುಷಾರಿಲ್ಲ ಎಂದವಳೂ ನಾನೇ ಎಂದಳು.

“ನನ್ ಹೆಸರು ಹೇಳ್ಕೊಂಡು ಎಲ್ಲೂ ಹೋಗ್ಲಿಲ್ಲ ನೀನು. ನಾನು ಸಾಯ್ಲಿ ಅಂತ ಕೂತಿದೀಯೋ, ಬದುಕ್ಲಿ ಅಂತ ಕೂತಿದೀಯೋ, ಅದನ್ನಾದ್ರೂ ಹೇಳು.”

ನನಗೆ ಮೈಯೆಲ್ಲ ಉರಿಯಿತು. ಮುಳ್ಳು ಎಲ್ಲಿದೆ ಎಂದು ನೋಡುವುದೂ ಮರೆಯಿತು. ಅಲ್ಲಿಯತನಕ ಯಾರಿಗೂ, ನನಗೆ ನಾನೇ ಕೂಡ, ಹೇಳಿಕೊಳ್ಳದ ಮಾತು ಬಾಯಿಂದ ಬಂದೇಬಿಟ್ಟಿತು.

“ಸಾಕಾಗಿದೆ ಕಣೆ ನಂಗೆ. ಕಾದು ಕಾದು ಸಾಕಾಗಿದೆ. ಆ ಕಟ್ಟೆ ಮೇಲೆ ಕೂತ್ಕೊಂಡು ಒಂದೊಂದ್ಸಲ ಇದೆಲ್ಲ ಮುಗ್ದು ಹೋಗ್ಲಿ ಅಂತ್ಲೂ ಕಾದಿದೀನಿ. ಸಿಲಿಂಡರು ಖಾಲಿಯಾಗ್ಲಿ ಅಂತ. ಕೇಳಿಸ್ತಾ?”

ಕೇಳಿಸಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟಾಗ ಅವಳ ಮುಖ ಹೇಗಾಗುತ್ತಿತ್ತೋ ಹಾಗಾಯಿತು.

“ಎಷ್ಟ್ ಸಲ?” ಎಂದಳು.

“ಏನು?”

“ಹಾಗಂದ್ಕೊಂಡಿದ್ದು. ಎಷ್ಟ್ ಸಲ?”

ಎರಡು ಸಲ ಎಂದೆ. ಸುಳ್ಳು ಎಂದಳು. ಮೂರು ಎಂದೆ. ನಾನು ಸುಳ್ಳು ಹೇಳುವಾಗ ಎಡಗಿವಿ ಕೆಂಪಾಗುತ್ತದೆಂದು ಏಳು ವರ್ಷದವಳಿದ್ದಾಗಿನಿಂದ ತನಗೆ ಗೊತ್ತು ಎಂದಳು. ಹಾಗಾದರೆ ನೀನು ಎಷ್ಟು ಸಲ ಅಂದುಕೊಂಡಿದ್ದೀಯ ಎಂದು ನಾನು ತಿರುಗಿಸಿ ಕೇಳಿದೆ. ತನ್ನದು ತನಗೆ ಬಿಟ್ಟದ್ದು, ಮೊದಲು ನಿನ್ನದು ಹೇಳು ಎಂದಳು. ಬೆರಳು ಮಡಚಿ ಎಣಿಸಿದೆ. ಕಳೆದ ಆಷಾಢದಲ್ಲಿ ಒಂದು ಸಲ. ಅವಳಿಗೆ ಜ್ವರ ಬಂದಾಗ ಒಂದು ಸಲ. ಅದು ಎರಡು ಸಲ ಎಂದು ಅವಳು ತಿದ್ದಿದಳು, ನಿನ್ನ ಮುಖ ನೋಡಿ ಅವತ್ತೇ ಗೊತ್ತಾಗಿತ್ತು ಎಂದಳು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ನಾನು ಅಳುತ್ತಾ ಕೂಗಿದೆ. ಸುಮ್ಮನಿರದೆ ಎದ್ದು ಕುಣಿಯಬೇಕಿತ್ತೇ ಎಂದು ಅವಳೂ ಕೂಗಿದಳು.

ಜೈನಾಬಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆಯೇ ಎಂದು ಬೈದಳು. ಕರೆಂಟು ಬಂದು ಕಾಲು ಗಂಟೆಯಾಯಿತು, ಬೀದಿಗೆ ಬೀದಿಯೇ ಹೊರಗೆ ಬಂದಿದೆ, ಮಷೀನು ಒಂದೇ ಸಮ ಓಡುತ್ತಿದೆ, ಕೊಳವೆ ಬದಲಾಯಿಸುವವರು ಯಾರು ಎಂದಳು. ನಾನು ಎದ್ದು ಕೊಳವೆಗೆ ಕೈ ಹಾಕಿದೆ. ಅಕ್ಕ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಳು.

“ತಾಳು ಜೈನಾಬಿ,” ಎಂದಳು. “ಇವಳು ಇನ್ನೂ ಲೆಕ್ಕ ಸರಿಯಾಗಿ ಹೇಳಿಲ್ಲ.”